ಕೈಗುಣವೂ ಸ್ಪಿರಿಟ್ ಹತ್ತಿಯೂ

ನನಗೆ ಕೈಗುಣವಿದೆ ಎಂದು ಸವಣೂರಿನಿಂದ ಹಿರೇಕೆರೂರಿನವರೆಗೆ ಜನ ನಂಬಿದ್ದರು. "ಆ ಬಾಯಾರು ಸೂಜಿ ಮಾಡಿದ್ರ ಚುಚ್ಚಿದ್ದ ಗೊತ್ತಾಗಂಗಿಲ್ಲ" ಎಂದು ಹೇಳಿಕೊಂಡು ಪಕ್ಕದ ತಾಲೂಕಿನಿಂದ ಬಸ್ಸು ಹತ್ತಿ ಬರುತ್ತಿದ್ದರು. ನಮ್ಮ ಕಡೆ ನರ್ಸಮ್ಮನನ್ನು ಬಾಯಾರು ಎನ್ನುತ್ತಾರೆ. ನಾನು ರಜೆಯಲ್ಲಿದ್ದರೆ ಜ್ವರವನ್ನು ಹೊತ್ತುಕೊಂಡೇ ತಿರುಗಿ ಹೋಗುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಆದರೆ ಕೈಗುಣ ಎಂಬ ಮಾತು ಕೇಳಿದರೆ ಈಗ ನನ್ನ ಮೈ ಉರಿಯುತ್ತದೆ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಹಾನಗಲ್ಲಿನಲ್ಲಿ ಹೊಸದಾಗಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಮುಖ್ಯ ಅತಿಥಿಗಳು ಸೇವೆಯೇ ದೇವರು ಎಂದು ಶುರು ಮಾಡಿದವರು ಊಟದ ಹೊತ್ತಿನವರೆಗೆ ದೇವರನ್ನು ಬಿಡಲಿಲ್ಲ. ಅವರು ಮುಗಿಸಿದಾಗ ನನ್ನ ಪಾಲಿಗೆ ಉಳಿದದ್ದು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿದ್ದ ಮೋಸಂಬಿಗೆ ಹುಡುಗರು ಬೆಳಗ್ಗೆಯೇ ಸೂಜಿ ಚುಚ್ಚಿ ಅಭ್ಯಾಸ ಮಾಡಿದ್ದರು. ಮನೆಗೆ ಬಂದು ಸುಲಿದರೆ ತೊಳೆ ತೊಳೆಯಲ್ಲೂ ಉಪ್ಪುನೀರು.

ಅಂದು ಹೇಳಬೇಕೆಂದಿದ್ದದ್ದು ಮಂಜುಳಾ ಎಂಬ ಹುಡುಗಿಯ ಸಂಗತಿ. ನಿವೃತ್ತಿಯಾದ ಮೇಲೆ ಅಕ್ಕಿಆಲೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ಹೆಸರು ಬೇಡ, ಹೊಸ ಹುಡುಗಿಯರಿಗೆ ಕೆಲಸ ಕಲಿಸಲು ಹೋಗುತ್ತಿದ್ದೆ. ಅಲ್ಲಿ ಮಂಜುಳಾಗೆ ಕೈಗುಣವಿಲ್ಲ ಎಂದು ಊರೆಲ್ಲ ಮಾತಾಯಿತು. ಅವಳ ಅಣ್ಣ ಮೊದಲೇ ಷರತ್ತು ಹಾಕಿದ್ದ. ಈ ಕೆಲಸ ನಿಂತರೆ ಅವಳು ಹೊಸ್ತಿಲು ದಾಟುವ ಹಾಗಿಲ್ಲ, ಗಂಡು ನೋಡುವುದೇ ಸೈ. ಕೈಗುಣವಿಲ್ಲದವಳು ಎಂಬ ಹೆಸರು ಹೊತ್ತು ಹೊರಬಿದ್ದರೆ ಬೇರೆ ಯಾವ ದವಾಖಾನೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅವಳ ಕೈಗೆ ಏನಾಗಿತ್ತು ಎನ್ನುವುದಕ್ಕೆ ಮುಂಚೆ ನನ್ನ ಕೈಗುಣ ಎಲ್ಲಿಂದ ಬಂತು ಎಂದು ಹೇಳಬೇಕು. ಆಕಾಶದಿಂದಂತೂ ಬರಲಿಲ್ಲ.

ನನ್ನ ಮೊದಲ ಕೆಲಸ ಸವಣೂರಿನಲ್ಲಿ. ಆಗ ಗಾಜಿನ ಸಿರಿಂಜು. ಬೆಳಗ್ಗೆ ಎದ್ದು ಅನ್ನಕ್ಕೆ ಎಸರಿಡುವ ಹಾಗೆ ಸಿರಿಂಜು ಕುದಿಯಲು ಇಡುವುದು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುವುದು. ಈಗ ಕೋರ್ಸಿಗೆ ಸೇರಿದ ನೀವು ಕವರು ಹರಿದು, ಚುಚ್ಚಿ, ಡಬ್ಬಿಗೆ ಎಸೆದು ಕೈ ಝಾಡಿಸಿಕೊಳ್ಳುತ್ತೀರಿ, ಪುಣ್ಯವಂತರು. ನಮ್ಮ ಮೇಲೆ ಒಬ್ಬ ದೊಡ್ಡ ಸಿಸ್ಟರ್ ಇದ್ದರು. ಅವರು ನಕ್ಕದ್ದನ್ನು ಕಂಡವರಿಲ್ಲ. ಹೊಸ ಹುಡುಗಿ ಬಂದರೆ ಮೋಸಂಬಿ, ದಿಂಬು ಎಂದು ಆಟ ಆಡಿಸುತ್ತಿರಲಿಲ್ಲ. ಇಬ್ಬರನ್ನು ಎದುರುಬದುರು ಕೂರಿಸಿ ಒಬ್ಬರಿಗೊಬ್ಬರು ಉಪ್ಪುನೀರಿನ ಇಂಜೆಕ್ಷನ್ ಕೊಡಿಸುತ್ತಿದ್ದರು. "ಮೋಸಂಬಿ ಅಳಂಗಿಲ್ಲ, ಕೈ ಜಗ್ಗಂಗಿಲ್ಲ. ನೀ ತಗೊಂಡ ಮ್ಯಾಲ ನಿನ್ನ ಕೈ ತಾನ ಮೆತ್ತಗಾಗತೈತಿ" ಎನ್ನುತ್ತಿದ್ದರು. ನನಗೆ ಚುಚ್ಚಿದವಳು ಸ್ಪಿರಿಟ್ ಆರುವ ಮುಂಚೆಯೇ ಚುಚ್ಚಿದಳು. ಬೆಂಕಿ ಇಟ್ಟ ಹಾಗಾಯಿತು. ಅಂದಿನಿಂದ ನಾನು ಹಚ್ಚಿದ ಸ್ಪಿರಿಟ್ ಆರುವವರೆಗೆ ರೋಗಿಯ ಜೊತೆ ಮಳೆ ಬೆಳೆಯ ಮಾತಾಡುತ್ತ ನಿಲ್ಲುವುದನ್ನು ಕಲಿತೆ. ಜನರು ಅದನ್ನು ನನ್ನ ಪ್ರೀತಿ ಎಂದುಕೊಂಡರು.

ಉಳಿದದ್ದೂ ಅಷ್ಟೇ. ಔಷಧಿ ಎಳೆದ ಸೂಜಿಯಿಂದಲೇ ಚುಚ್ಚದೆ ಬೇರೆ ಸೂಜಿ ಹಾಕುವುದು, ಯಾಕೆಂದರೆ ಬಾಟಲಿಯ ರಬ್ಬರು ಮುಚ್ಚಳ ತೂರಿ ಬಂದ ಸೂಜಿ ಮೊಂಡಾಗಿರುತ್ತದೆ. ಸೊಂಟಕ್ಕೆ ಚುಚ್ಚುವಾಗ ರೋಗಿಯ ಕಾಲಿನ ಹೆಬ್ಬೆರಳನ್ನು ಒಳಮುಖ ಮಾಡಿಸುವುದು, ಆಗ ಮಾಂಸಖಂಡ ಸಡಿಲವಾಗುತ್ತದೆ. ಸೂಜಿ ಬೇಗ ಹೋಗಬೇಕು, ಔಷಧಿ ನಿಧಾನ ಹೋಗಬೇಕು. ಅವಸರದವರು ಇದನ್ನೇ ತಿರುವುಮುರುವು ಮಾಡುತ್ತಾರೆ. ಇಷ್ಟೇ ನನ್ನ ಕೈಗುಣ. ಜೊತೆಗೆ ಅಂಗೈ ಬೆಚ್ಚಗಿತ್ತು ಎಂದು ಬೇಕಾದರೆ ಸೇರಿಸಿ.

ಎಲ್ಲಿ ಚುಚ್ಚಬೇಕು ಎನ್ನುವುದನ್ನು ದೊಡ್ಡ ಸಿಸ್ಟರ್ ರೊಟ್ಟಿಯ ಮೇಲೆ ಕಲಿಸಿದರು. ಕುಂಡೆಯನ್ನು ಒಂದು ಜೋಳದ ರೊಟ್ಟಿ ಎಂದುಕೋ, ನಾಲ್ಕು ಚೂರು ಮಾಡು, ಮೇಲಿನ ಹೊರಗಿನ ಚೂರು ನಿನ್ನದು, ಉಳಿದ ಮೂರು ಮುಟ್ಟಬೇಡ. ತಪ್ಪಿ ಒಳಗಿನ ಚೂರಿಗೆ ಹೋದರೆ ಕಾಲಿನ ನರಕ್ಕೆ ಬೀಳುತ್ತದೆ, ಮನುಷ್ಯ ಜನ್ಮವಿಡೀ ಪಾದ ಎಳೆದುಕೊಂಡು ನಡೆಯುತ್ತಾನೆ. ಇದನ್ನು ಊಟ ಮಾಡುವಾಗ ಹೇಳಿಕೊಟ್ಟಿದ್ದರಿಂದ ಒಂದೆರಡು ದಿನ ರೊಟ್ಟಿ ಸೇರಲಿಲ್ಲ, ಆದರೆ ಪಾಠ ಮರೆಯಲಿಲ್ಲ.

ಅದೇ ಸವಣೂರಿನಲ್ಲಿ ಒಬ್ಬ ಕಂಪೌಂಡರ್ ಇದ್ದ. ಅವನಿಗೆ ರೊಟ್ಟಿ ಚೂರು ಮಾಡುವಷ್ಟು ಪುರುಸೊತ್ತಿಲ್ಲ. ರೋಗಿಗಳಿಗೆ ನಾಚಿಕೆ, ಇವನಿಗೆ ಗಡಿಬಿಡಿ, ಎರಡೂ ಕೂಡಿ ಧೋತರದ ಮೇಲಿಂದಲೇ ಚುಚ್ಚಿಬಿಡುತ್ತಿದ್ದ. ಎಲೆತೋಟದ ಅಜ್ಜನೊಬ್ಬ ಬಂದ. ಇವನು ಬೀಸಿ ಚುಚ್ಚಿದ. ಟಣ್ ಎಂದು ಸದ್ದಾಗಿ ಸೂಜಿ ಬಾಗಿತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎಲೆಅಡಿಕೆಯ ಚಂಚಿಯೊಳಗಿನ ಸುಣ್ಣದ ಡಬ್ಬಿಗೆ ತಾಗಿತ್ತು. ಅಜ್ಜ ತಿರುಗಿ ನೋಡದೆ ಕೇಳಿದ: "ಆತೇನ್ರಿ? ಏನೂ ಗೊತ್ತಾಗಲಿಲ್ಲ ನೋಡ್ರಿ. ನಿಮ್ಮ ಕೈಗುಣ ಅಂದ್ರ ಕೈಗುಣ." ಕಂಪೌಂಡರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೇ ಅಜ್ಜನನ್ನು ಕರೆದು ಧೋತರ ಸಡಿಲಿಸಿ ಇನ್ನೊಂದು ಕೊಟ್ಟೆ. ಅಜ್ಜನಿಗೆ ಸಿಟ್ಟು ಬಂತು. ಒಂದು ರೋಗಕ್ಕೆ ಎರಡು ಸೂಜಿ ಮಾಡುತ್ತಾರೆ ಎಂದು ಹೊರಗೆ ಕೂತವರಿಗೆಲ್ಲ ಹೇಳಿಹೋದ.

ಹಿರೇಕೆರೂರಿನಲ್ಲಿ ನನ್ನ ಮೇಲಿನ ಡಾಕ್ಟರಿಗೆ ಕಾಯುವುದು ಎಂದರೆ ಆಗುತ್ತಿರಲಿಲ್ಲ. ಪೆನ್ಸಿಲಿನ್ ಕೊಡುವ ಮುಂಚೆ ಮುಂಗೈ ಚರ್ಮದೊಳಗೆ ಒಂದು ಹನಿ ಬಿಟ್ಟು, ಗುಳ್ಳೆ ದೊಡ್ಡದಾಗುತ್ತದೆಯೇ ಎಂದು ನೋಡಬೇಕು. ಮೈಗೆ ಆಗದವರಿಗೆ ಆ ಔಷಧಿ ಪ್ರಾಣಕ್ಕೇ ಕುತ್ತು. "ಟೆಸ್ಟು ಗಿಸ್ಟು ಬಿಡ್ರಿ ಸಿಸ್ಟರ್, ಪಾಳಿ ನೋಡ್ರಿ ಎಷ್ಟುದ್ದ ಐತಿ" ಎಂದು ಅವರು ದಿನಾ ಗೊಣಗುತ್ತಿದ್ದರು. ಒಂದು ದಿನ ಗೋವಿನಜೋಳ ಮಾರಲು ಬಂದಿದ್ದ ರೈತನಿಗೆ ಹನಿ ಬಿಟ್ಟು ಬೆಂಚಿನ ಮೇಲೆ ಕೂರಿಸಿದೆ. ತಿರುಗಿ ನೋಡಿದರೆ ಮನುಷ್ಯ ಮಾಯ. ಬಸ್ಸು ಬಂತೆಂದು ಓಡಿಹೋಗಿದ್ದ. ಮುಂಗೈಯಲ್ಲಿ ಗುಳ್ಳೆ ಹೊತ್ತುಕೊಂಡು ಹೋದವನನ್ನು ಹಾಗೇ ಬಿಡುವುದೆಂತು? ತುರ್ತು ಔಷಧಿಯ ಟ್ರೇ ಹಿಡಿದು ನಾನೂ ಬಸ್‌ಸ್ಟ್ಯಾಂಡಿಗೆ ಓಡಿದೆ.

ಅವನು ಕಿಟಕಿಯ ಪಕ್ಕ ಆರಾಮಾಗಿ ಕೂತಿದ್ದ. ಇಳಿ ಎಂದರೆ ಇಳಿಯಲೊಲ್ಲ, ಸೀಟು ಹೋಗುತ್ತದಂತೆ. ಕಂಡಕ್ಟರನಿಗೆ ವಿಷಯ ಹೇಳಿದೆ. ಅವನು ಸೀಟಿ ಬಾಯಲ್ಲಿಟ್ಟುಕೊಂಡವನು ಊದಲಿಲ್ಲ. ಇಡೀ ಬಸ್ಸು ಅವನ ಮುಂಗೈ ನೋಡುತ್ತ ಕೂತಿತು. ಹಿಂದಿನವರು ಎದ್ದು ನಿಂತು ಇಣುಕಿದರು.

"ಕೆರಕೋಬ್ಯಾಡ ತಮ್ಮಾ" ಎಂದಳು ಮುಂದಿನ ಸೀಟಿನ ಮುದುಕಿ.

"ಇನ್ನೂ ಎಷ್ಟೊತ್ರಿ ಸಿಸ್ಟರ್ರ?" ಎಂದ ಕಂಡಕ್ಟರ್.

"ಗುಳ್ಳಿ ಹೇಳತೈತಿ" ಎಂದೆ.

ಗುಳ್ಳೆ ಹೇಳಿತು. ನೋಡನೋಡುತ್ತ ಕೆಂಪಗೆ ಹರಡಿ ಊದಿತು. ಬಸ್ಸಿನವರೆಲ್ಲ ಕೂಡಿ ಅವನನ್ನು ಇಳಿಸಿದರು, ಸೀಟಿನ ಮಾತು ಅವನೂ ಎತ್ತಲಿಲ್ಲ. ಡಾಕ್ಟರು ಬೇರೆ ಔಷಧಿ ಬರೆದರು. ಬರೆಯುತ್ತ, ಪಾಳಿ ಬಿಟ್ಟು ಬಸ್‌ಸ್ಟ್ಯಾಂಡ್ ತಿರುಗಲು ಹೋದದ್ದಕ್ಕೆ ನನ್ನನ್ನು ಬೈದರು. ಒಂದು ಜೀವ ಉಳಿದದ್ದು ಅವರ ಗಮನಕ್ಕೆ ಬರಲೇ ಇಲ್ಲ.

ಶಿಗ್ಗಾಂವಿಯಲ್ಲಿ ಬೇರೆ ತಮಾಷೆ. ಅಲ್ಲಿನ ಬಸವರಾಜ ಎಂಬ ಅಸಿಸ್ಟೆಂಟ್ ಯಾರ ಬಿ.ಪಿ. ನೋಡಿದರೂ ನೂರಿಪ್ಪತ್ತು–ಎಂಬತ್ತು ಎಂದೇ ಬರೆಯುತ್ತಿದ್ದ. ಹೆರಿಗೆಗೆ ಬಂದವಳಿಗೂ ಅಷ್ಟೇ, ಹೈವೇಯಲ್ಲಿ ಲಾರಿ ಗುದ್ದಿ ಬಂದವನಿಗೂ ಅಷ್ಟೇ. ಮುಖ್ಯ ಡಾಕ್ಟರಿಗೆ ಅವನ ದುಂಡನೆಯ ಅಕ್ಷರ ಎಂದರೆ ಬಲು ಇಷ್ಟ. ಯಂತ್ರ ರಿಪೇರಿಗೆಂದು ಹುಬ್ಬಳ್ಳಿಗೆ ಹೋದ ದಿನವೂ ಅವನು ಬರೆಯುತ್ತಲೇ ಇದ್ದ. "ಯಂತ್ರ ಇಲ್ಲ, ಎಲ್ಲಿಂದ ನೋಡಿದಿ ಬಸವರಾಜ?" ಎಂದೆ. "ಮುಖ ನೋಡಿದ್ರ ಗೊತ್ತಾಗತೈತ್ರಿ ಬಾಯಾರ" ಎಂದ. ಯಂತ್ರ ಬಂದ ದಿನ ಮುಖ್ಯ ಡಾಕ್ಟರ ತೋಳಿಗೇ ಪಟ್ಟಿ ಕಟ್ಟಲು ಬಸವರಾಜನಿಗೆ ಹೇಳಿದೆ. ಅವರು ಅಂಗಿಯ ತೋಳು ಮೇಲೆತ್ತುವ ಮುಂಚೆಯೇ ನೂರಿಪ್ಪತ್ತು–ಎಂಬತ್ತು ಎಂದು ಸಾರಿದ. ನಾನು ಮತ್ತೊಮ್ಮೆ ಸಾವಕಾಶವಾಗಿ ನೋಡಿ ಅಂಕಿ ಹೇಳಿದಾಗ ಡಾಕ್ಟರು ಕುರ್ಚಿ ಹಿಡಿದುಕೊಂಡು ಕೂತರು. ಆ ಸಂಜೆಯಿಂದಲೇ ಗುಳಿಗೆ ಶುರು ಮಾಡಿದರು. ಆದರೂ ಬಸವರಾಜನ ಅಕ್ಷರದ ಮೇಲಿನ ಪ್ರೀತಿ ಅವರಿಗೆ ಕಡಿಮೆಯಾಗಲಿಲ್ಲ.

ಇನ್ನೊಂದು ಮಾತು ನನ್ನವರ ಬಗ್ಗೆಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಕ್ಷಪಾತವಾದೀತು. ನಾನು ಹುಟ್ಟಿದ್ದು ಮಡಿಯ ಮನೆಯಲ್ಲಿ. ಅಜ್ಜಿ ಒಣಗಿದ ಮಡಿಸೀರೆಯನ್ನು ಕೋಲಿನಿಂದ ಎತ್ತಿ ತರುತ್ತಿದ್ದಳು, ಕೈ ತಾಗಿದರೆ ಮತ್ತೆ ನೀರಿಗೆ. ಕುದಿಸಿದ ಸಿರಿಂಜನ್ನು ಇಕ್ಕಳದಿಂದ ಎತ್ತುವಾಗ ನನಗೆ ಅವಳೇ ನೆನಪಾಗುತ್ತಿದ್ದಳು. ಮಡಿ ಗೊತ್ತಿದ್ದವರಿಗೆ ಈ ಕೆಲಸ ಕಲಿಸುವುದು ಸುಲಭ ಎಂದುಕೊಂಡಿದ್ದೆ. ಸುಳ್ಳು. ನಮ್ಮ ಪೈಕಿಯ ಹುಡುಗನೊಬ್ಬ ತರಬೇತಿಗೆ ಬಂದ. ತನ್ನ ನೀರಿನ ಬಾಟಲಿಯನ್ನು ಯಾರೂ ಮುಟ್ಟಬಾರದೆಂದು ಕಪಾಟಿನ ಮೇಲೆ ಇಡುತ್ತಿದ್ದ. ಅದೇ ಹುಡುಗ ಸೂಜಿ ಹರಿತ ಇದೆಯೇ ಎಂದು ಬೆರಳ ತುದಿಯಿಂದ ಮುಟ್ಟಿ ನೋಡಿ ಚುಚ್ಚಲು ಹೊರಟ. ಮಡಿ ಯಾರನ್ನು ದೂರ ಇಡಬೇಕು ಎಂದಷ್ಟೇ ಅವನಿಗೆ ಕಲಿಸಿತ್ತು. ಅವನ ಬಾಟಲಿಯನ್ನು ಕೆಳಗಿಳಿಸಿ ಎಲ್ಲರ ನಡುವೆ ಇಟ್ಟೆ, ಅವನು ಮೂರನೆಯ ದಿನಕ್ಕೆ ಬರುವುದನ್ನು ಬಿಟ್ಟ.

ಈಗ ಅಕ್ಕಿಆಲೂರು. ನರ್ಸಿಂಗ್ ಹೋಮಿನ ಡಾಕ್ಟರು ಊರಿನ ಅಕ್ಕಿಗಿರಣಿಯ ಮನೆತನದವರು, ಓದಿದವರು, ಮಾತು ಮೆತ್ತಗೆ. ಹಳೆಯ ಕಂಪೌಂಡರ್ ವೀರಭದ್ರಪ್ಪ ಇದ್ದ. ಕಸ ಹೊಡೆದು, ಟ್ರೇ ತೊಳೆದು, ಇಂಜೆಕ್ಷನ್ ಕೋಣೆಯ ಸಾಮಾನು ತುಂಬಿಸಿ ಇಡುತ್ತಿದ್ದವಳು ಆಯಾ ಗಂಗವ್ವ. ಅವರ ನಡುವೆ ಹೊಸದಾಗಿ ಬಂದವಳು ಮಂಜುಳಾ.

ಮೊದಲು ಟ್ರ್ಯಾಕ್ಟರ್ ಹೊಡೆಯುವ ನಿಂಗಪ್ಪ ಎಂಬವನು ಕುಂಟುತ್ತ ಬಂದ. ಸೊಂಟಕ್ಕೆ ಸೂಜಿ ಮಾಡಿದ ಜಾಗ ಬಾತು ಕೀವಾಗಿತ್ತು. ಆಮೇಲೆ ಒಬ್ಬ ಟೇಲರನ ಹೆಂಡತಿ, ಆಮೇಲೆ ಶಾಲೆಯ ಮಾಸ್ತರು. ಮೂವರಿಗೂ ಇಂಜೆಕ್ಷನ್ ಕೊಟ್ಟವಳು ಮಂಜುಳಾ. ವೀರಭದ್ರಪ್ಪ ಕೊಟ್ಟವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಇನ್ನೇನು ಬೇಕು? ಹೊರಗಿನ ಬೆಂಚು ಕೋರ್ಟಾಯಿತು. ಗಂಗವ್ವ ಕಸಬರಿಗೆ ಹಿಡಿದುಕೊಂಡೇ ತೀರ್ಪು ಕೊಡುತ್ತಿದ್ದಳು: "ಓದಿದ್ರೇನಾತು? ಕೈಗುಣ ಅನ್ನೂದು ದೇವರು ಕೊಡಬೇಕು. ವೀರಭದ್ರಪ್ಪಗ ಕೊಟ್ಟಾನ, ಈಕಿಗೆ ಕೊಟ್ಟಿಲ್ಲ." ಜನ ಮಂಜುಳಾಳನ್ನು ಕಂಡರೆ ತೋಳು ಮುಚ್ಚಿಕೊಳ್ಳತೊಡಗಿದರು. ಹುಡುಗಿ ಊಟದ ಡಬ್ಬಿಯನ್ನು ಬಿಚ್ಚದೇ ಮನೆಗೆ ಒಯ್ಯುತ್ತಿದ್ದಳು.

ಡಾಕ್ಟರು ನನ್ನನ್ನು ಒಳಗೆ ಕರೆದರು. ಅವರ ತಲೆಯ ಮೇಲೆ ಗೋಡೆಯ ತುಂಬ ಡಿಗ್ರಿಗಳಿದ್ದವು. "ಬಾಯಾರ, ಸೈನ್ಸ್ ಸೈನ್ಸ್ ಕಡೆ ಇರ್ಲಿ. ಆದ್ರ ಕೈಗುಣ ಅನ್ನೂದು ಇರತೈತಿ ನೋಡ್ರಿ. ನಿಮ್ಮನ್ನ ನೋಡಿದ್ರ ಗೊತ್ತಾಗತೈತಲ್ಲ" ಎಂದರು. ಡಿಗ್ರಿಗಳು ಗೋಡೆಯಿಂದ ಕಳಚಿ ಬೀಳುತ್ತವೆಯೇನೋ ಎಂದು ನಾನು ಮೇಲೆ ನೋಡಿದೆ. ಗಟ್ಟಿಯಾಗಿ ಮೊಳೆ ಹೊಡೆದಿದ್ದರು. ಒಂದು ವಾರ ಅವಳ ಕೆಲಸ ನೋಡುತ್ತೇನೆ, ಆಮೇಲೆ ನಿಮ್ಮ ಇಷ್ಟ ಎಂದು ಹೇಳಿ ಬಂದೆ.

ನೋಡಿದೆ. ಕೈ ತೊಳೆಯುತ್ತಾಳೆ, ಉಗುರಿನ ಸಂದಿಯನ್ನೂ ಬಿಡುವುದಿಲ್ಲ. ಬಾಟಲಿಯ ಹೆಸರು ಓದುತ್ತಾಳೆ, ರೋಗಿಯ ಹೆಸರು ಕೇಳುತ್ತಾಳೆ. ಸೂಜಿ ಬದಲಿಸುತ್ತಾಳೆ. ಭರಣಿಯಿಂದ ಸ್ಪಿರಿಟ್ ಹತ್ತಿ ತೆಗೆದು ನಡುವಿನಿಂದ ಹೊರಕ್ಕೆ ಸುತ್ತು ಹಾಕಿ ಒರೆಸುತ್ತಾಳೆ, ಆರುವವರೆಗೆ ನಿಲ್ಲುತ್ತಾಳೆ. ರೊಟ್ಟಿಯ ಮೇಲಿನ ಹೊರಗಿನ ಚೂರಿಗೇ ಚುಚ್ಚುತ್ತಾಳೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗುವುದಿಲ್ಲ, ನೇರ ಡಬ್ಬಿಗೆ. ದೊಡ್ಡ ಸಿಸ್ಟರ್ ಇದ್ದಿದ್ದರೆ ಇವಳನ್ನು ನೋಡಿ ನಗುವ ಅಪಾಯವಿತ್ತು. ತಪ್ಪು ಎಲ್ಲಿದೆ ಎಂದು ನನಗೇ ತಿಳಿಯಲಿಲ್ಲ.

"ನನ್ನ ಕೈಯಾಗ ಏನರ ಐತೇನ್ರಿ ಬಾಯಾರ?" ಎಂದು ಒಂದು ಸಂಜೆ ಅಂಗೈ ಚಾಚಿ ಕೇಳಿದಳು. ಅವಳೂ ನಂಬತೊಡಗಿದ್ದಳು. "ಐತಿ, ಐದು ಬೆರಳು ಅದಾವ. ಹೋಗಿ ಊಟಾ ಮಾಡು" ಎಂದು ಗದರಿದೆ.

ಆಮೇಲೆ ವೀರಭದ್ರಪ್ಪನ ಕೈಗುಣವನ್ನೂ ನೋಡೋಣ ಎಂದು ಅವನ ಪಕ್ಕ ಹೋಗಿ ನಿಂತೆ. ಬಂದರು, ತೋಳು ಕೊಟ್ಟರು, ಚುಚ್ಚಿದ, ಕಳಿಸಿದ. ಸ್ಪಿರಿಟ್ ಹತ್ತಿ ಮುಟ್ಟಲೇ ಇಲ್ಲ. ಮುಂದಿನವನಿಗೂ ಮುಟ್ಟಲಿಲ್ಲ. "ಒರಸೂದಿಲ್ಲೇನು ವೀರಭದ್ರಪ್ಪ?" ಎಂದೆ.

"ಯಾರು ಒರಸ್ತಾರ್ರಿ ಬಾಯಾರ? ಜಳಕಾ ಮಾಡೇ ಬಂದಿರ್ತಾರ ಮಂದಿ" ಎಂದ.

ಅಲ್ಲಿಯೇ ನನ್ನ ಕಿವಿ ನಿಮಿರಿತು. ಒರೆಸದವನ ರೋಗಿಗಳು ಆರಾಮಾಗಿದ್ದಾರೆ, ಒರೆಸಿದವಳ ರೋಗಿಗಳಿಗೆ ಕೀವು. ನೇರ ಹೋಗಿ ಭರಣಿಯ ಮುಚ್ಚಳ ತೆಗೆದೆ. ಸ್ಪಿರಿಟ್ ಹತ್ತಿ ಇರುವ ಪಾತ್ರೆ ತೆಗೆದರೆ ಘಾಟು ಮೂಗಿಗೆ ಹೊಡೆಯಬೇಕು. ಇಲ್ಲಿ ಮಳೆಗಾಲದ ಒದ್ದೆ ಬಟ್ಟೆಯ ವಾಸನೆ.

ಅದು ದೊಡ್ಡ ಬಿಳಿ ಪಿಂಗಾಣಿ ಭರಣಿ, ಮೊದಲು ಯಾರದೋ ಮನೆಯ ಉಪ್ಪಿನಕಾಯಿ ಸಾಕಿದ್ದು ನೋಡಿದರೇ ಗೊತ್ತಾಗುತ್ತಿತ್ತು. ಮುಂದೆ ಕುಂಕುಮದ ಬೊಟ್ಟು. ಇದನ್ನು ಖಾಲಿ ಮಾಡಿ ತಾ ಎಂದು ಗಂಗವ್ವನಿಗೆ ಹೇಳಿದೆ. ಅವಳು ಭರಣಿಯನ್ನು ಎದೆಗೆ ಅವಚಿಕೊಂಡಳು.

"ಅಯ್ಯ, ತಳಾ ಕಾಣಬಾರದ್ರಿ ಬಾಯಾರ! ನೀವು ಮನ್ಯಾಗ ಅಕ್ಕಿ ಗಡಗಿ ತಳಾ ಕಾಣೂಮಟಾ ಬಿಡ್ತೀರೇನು? ದವಾಖಾನಿ ಸುರು ಆದ ದಿನ ದೊಡ್ಡವ್ವಾರು ಪೂಜಿ ಮಾಡಿ ಕೊಟ್ಟ ಭರಣಿ ಐತಿದು. ಒಂದು ಮುಷ್ಟಿ ತಳದಾಗ ಬಿಟ್ಟ ತುಂಬಬೇಕು, ಬರಕತ್ತು ಇರತೈತಿ, ಏನೂ ಕಡಿಮಿ ಬೀಳಂಗಿಲ್ಲ ಅಂತ ಹೇಳ್ಯಾರ. ಒಂದು ದಿನಾನೂ ನಾ ತಪ್ಪಿಲ್ಲ."

ದೊಡ್ಡವ್ವ ಎಂದರೆ ಡಾಕ್ಟರ ತಾಯಿ ನೀಲವ್ವ. ಅಂದರೆ ನರ್ಸಿಂಗ್ ಹೋಮ್ ಶುರುವಾದ ದಿನ ತಳಕ್ಕೆ ಬಿದ್ದ ಹತ್ತಿ ಇನ್ನೂ ತಳದಲ್ಲಿಯೇ ಇತ್ತು. ಅದರ ಮೇಲೆ ದಿನಾ ಹೊಸದು. ಸ್ಪಿರಿಟ್ ಬಹಳ ಖರ್ಚಾಗುತ್ತಿದೆ ಎಂದು ಡಾಕ್ಟರು ಗೊಣಗಿದ್ದರಿಂದ, ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ಒಂದಿಷ್ಟು ನಲ್ಲಿ ನೀರನ್ನೂ ಸೇರಿಸುತ್ತಿದ್ದೆ ಎಂದು ಗಂಗವ್ವ ಹೆಮ್ಮೆಯಿಂದಲೇ ಹೇಳಿದಳು. ಅವಳ ಮೇಲೆ ಸಿಟ್ಟು ಮಾಡುವುದು ನನ್ನಿಂದಾಗಲಿಲ್ಲ. ನನ್ನ ಅವ್ವನೂ ಅಕ್ಕಿ, ಉಪ್ಪು, ಅರಿಸಿನದ ಪಾತ್ರೆಗಳ ತಳ ನಮಗೆ ತೋರಿಸಿದವಳಲ್ಲ. ಅಡುಗೆಮನೆಯಲ್ಲಿ ಅದು ಚೆಂದ. ಆದರೆ ಸ್ಪಿರಿಟ್ ಸತ್ತ ಒದ್ದೆ ಹತ್ತಿಯಲ್ಲಿ ಏನು ಹುಟ್ಟಿ ಬೆಳೆಯುತ್ತದೆ ಎಂಬುದು ಮೊದಲ ತಿಂಗಳ ಪಾಠ. ನಿಮ್ಮ ಪುಸ್ತಕದಲ್ಲಿಯೂ ಇರುತ್ತದೆ, ಓದಿ.

ಭರಣಿಯನ್ನು ಡಾಕ್ಟರ ಕೋಣೆಗೆ ಒಯ್ದು ಇಕ್ಕಳದಿಂದ ತಳದ ಹತ್ತಿ ಎತ್ತಿ ತೋರಿಸಿದೆ. ಬೂದು ಬಣ್ಣ, ಲೋಳೆ. ಡಾಕ್ಟರು ಮೂಗು ಮುಚ್ಚಿಕೊಂಡರು. ಅವರಿಗೆ ಎಲ್ಲವೂ ಅರ್ಥವಾಯಿತು, ಓದಿದವರಲ್ಲವೇ. ನನಗೆ ಜೀವ ಹಗುರವಾಯಿತು. ಹುಡುಗಿಯನ್ನು ಕರೆಯಲು ಎದ್ದೆ.

"ಕೂಡ್ರಿ ಬಾಯಾರ" ಎಂದರು. "ಈ ಮಾತು ಇಲ್ಲೇ ಇರ್ಲಿ. ಭರಣಿ ಅವ್ವಂದು. ಆಕಿ ಮನಸಿಗೆ ನೋವಾಗತೈತಿ. ಮ್ಯಾಲ ದವಾಖಾನಿದ ತಪ್ಪು ಅಂತ ಆದ್ರ ಹೆಸರು ಏನಾಗಬೇಕು? ಸಾವಕಾಶ ನಾನ ಏನರ ಮಾಡ್ತೇನಿ. ಹೆಂಗೂ ಮಂದಿ ಹುಡುಗಿ ಕೈ ಅನ್ನಾಕತ್ತಾರ. ಆಕಿನ್ನ ಬಿಡಿಸಿಬಿಟ್ರ ಅವರಿಗೂ ಸಮಾಧಾನ."

ಇಷ್ಟು ವರ್ಷಗಳಲ್ಲಿ ನನಗೆ ಬೈದ ಡಾಕ್ಟರುಗಳು ಬೇಕಾದಷ್ಟಿದ್ದಾರೆ. ಇಷ್ಟು ಮೆತ್ತಗೆ ಮಾತಾಡಿ ಇಷ್ಟು ಅನ್ಯಾಯ ಹೇಳಿದವರು ಇವರೊಬ್ಬರೇ. ಹುಡುಗಿಯ ಬದುಕಿನ ಗತಿ ಏನು ಎಂದು ಕೇಳಿದೆ. "ಮದಿವಿ ಮಾಡ್ತಾರ್ರಿ, ಆರಾಮಿರತಾಳ" ಎಂದರು. ತಿಂಗಳ ಕೊನೆಗೆ ಹೇಳಿಬಿಡುವುದಾಗಿಯೂ ತಿಳಿಸಿದರು.

ಅಂದಿನಿಂದ ಮಂಜುಳಾಗೆ ನನ್ನ ಚೀಲದಿಂದ ಹೊಸ ಹತ್ತಿಯ ಕಟ್ಟು, ಒಂದು ಸ್ಪಿರಿಟ್ ಬಾಟಲಿ ಕೊಟ್ಟೆ. ಬೇಕೆಂದಾಗ ಹರಿದುಕೋ, ಆಗಲೇ ಸುರಿದುಕೋ, ಭರಣಿ ಮುಟ್ಟಬೇಡ. ಯಾಕೆಂಬುದನ್ನೂ ಹೇಳಿದೆ. ಅವಳು ಅಳಲಿಲ್ಲ. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು, "ಹಂಗಾದ್ರ ಇವು ಬರೊಬ್ಬರಿ ಅದಾವ" ಎಂದಳು. ಬಾವುಗಳು ನಿಂತವು. ಜನ ಏನೆಂದರು ಗೊತ್ತೇ? ದೊಡ್ಡ ಬಾಯಾರು ಪಕ್ಕದಲ್ಲಿ ನಿಂತಿರುತ್ತಾರಲ್ಲ, ಅವರ ಕೈಗುಣ ಅಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ತಿಂಗಳ ಕೊನೆಯ ದಿನ ಸಂತೆ ಬಿತ್ತು. ಬೆಂಚುಗಳು ತುಂಬಿ ಜನ ನೆಲದ ಮೇಲೂ ಕೂತಿದ್ದರು. ನಿಂಗಪ್ಪ ಗಾಯದ ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದ. ಅದೇ ಹೊತ್ತಿಗೆ ನೀಲವ್ವ ಬಂದರು. ಎತ್ತರದ ಮುದುಕಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆತ್ತ. ಸುಸ್ತಿಗೆಂದು ಆಗಾಗ ತೋಳಿಗೆ ಶಕ್ತಿಯ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು, ಅದೂ ವೀರಭದ್ರಪ್ಪನ ಕೈಯಿಂದಲೇ. ಅಂದು ವೀರಭದ್ರಪ್ಪ ನೆಂಟರ ಮದುವೆಗೆ ಹೋಗಿದ್ದ. ಡಾಕ್ಟರು ತಾಯಿಯನ್ನು ತಾವೇ ಕೈಹಿಡಿದು ಇಂಜೆಕ್ಷನ್ ಕೋಣೆಗೆ ಕರೆತಂದು, "ಬಾಯಾರ, ಅವ್ವಗ ನೀವ ಮಾಡ್ರಿ" ಎಂದರು. ಮಂಜುಳಾ ಪಕ್ಕದಲ್ಲೇ ನಿಂತಿದ್ದಳು. ಅವಳು ಅಲ್ಲಿದ್ದಾಳೆಂಬುದೇ ಅವರಿಗೆ ಕಾಣಲಿಲ್ಲ.

ಕೋಣೆಯ ಬಾಗಿಲು ಬೆಂಚಿನ ಕಡೆಗೆ ತೆರೆದಿತ್ತು. ನಾನು ಮುಚ್ಚಲಿಲ್ಲ. ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಆಮೇಲೆ ಭರಣಿಯ ಮುಚ್ಚಳ ತೆಗೆದು, ಇಕ್ಕಳವನ್ನು ತಳದವರೆಗೆ ಇಳಿಸಿ ಒಂದು ಉಂಡೆ ಹತ್ತಿ ಎತ್ತಿದೆ. ಒರೆಸುವ ಮನಸ್ಸು ನನಗೆ ಇರಲಿಲ್ಲ, ಎತ್ತಿ ಹಿಡಿಯುವ ಮನಸ್ಸಿತ್ತು. "ತೋಳು ಕೊಡ್ರಿ ಅವ್ವಾರ" ಎಂದೆ.

"ಬ್ಯಾಡ!" ಎಂದು ಡಾಕ್ಟರು ಕೂಗಿ ನನ್ನ ಮಣಿಕಟ್ಟು ಹಿಡಿದರು. ಮೆತ್ತಗಿನ ಆ ಧ್ವನಿ ಅಷ್ಟು ದೊಡ್ಡದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ಅದು ಬ್ಯಾಡ. ಹೊಸಾ ಕಟ್ಟು ಒಡೀರಿ."

ನೀಲವ್ವ ತೋಳನ್ನು ಹಾಗೇ ಹಿಡಿದುಕೊಂಡು ಮಗನ ಮುಖ ನೋಡಿದರು. "ಯಾಕ ಬ್ಯಾಡ? ನಾ ಕೊಟ್ಟ ಭರಣಿ ಐತದು."

"ಇರ್ಲಿ ಬಿಡವ್ವಾ."

"ಯಾಕ ಅಂತ ಕೇಳಿದೆ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಇಕ್ಕಳ ಇಳಿಸಲಿಲ್ಲ. ಹತ್ತಿಯಿಂದ ಒಂದು ಹನಿ ನೆಲದ ಮೇಲೆ ಬಿತ್ತು. ಹೊರಗೆ ಬೆಂಚಿನವರು ಬಾಗಿಲ ಕಡೆ ಕತ್ತು ಚಾಚಿದ್ದರು.

"ಹೊಲಸ ಆಗೇತವ್ವಾ" ಎಂದರು ಡಾಕ್ಟರು. "ತಳದಾಗ ಕೊಳತೈತಿ. ಹಚ್ಚಿದ್ರ ನಂಜಾಗತೈತಿ, ಕೀವು ಹಿಡೀತೈತಿ."

"ನಿನಗ ಗೊತ್ತಿತ್ತೇನು?"

ಅವರು ನನ್ನ ಮಣಿಕಟ್ಟು ಬಿಟ್ಟು ತಲೆ ತಗ್ಗಿಸಿದರು. ಬಾಗಿಲ ಬಳಿ ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪಟ್ಟಿ ಬಿಚ್ಚಿಕೊಂಡು ಕೂತಿದ್ದ ನಿಂಗಪ್ಪ ಬೆಂಚು ಹಿಡಿದುಕೊಂಡು ಎದ್ದು ನಿಂತ. ನೀಲವ್ವ ಅವನನ್ನು ನೋಡಿದರು, ಅವನ ಸೊಂಟದ ಗಾಯವನ್ನು ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು.

"ನನಗ ಬ್ಯಾಡಾದ್ದು ಮಂದಿಗೆ ಯಾಕ ಹಚ್ಚಿಸಿದಿ?" ಎಂದರು.

ನೀಲವ್ವ ಬೆತ್ತವನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತು, ಕುಪ್ಪಸದ ತೋಳನ್ನು ಮೇಲೆ ಸರಿಸಿ, ನನ್ನನ್ನು ಬಿಟ್ಟು ನನ್ನ ಪಕ್ಕ ನೋಡಿದರು. "ಬಾರವಾ ಹುಡುಗಿ, ನೀ ಮಾಡು."

ಮಂಜುಳಾ ಕೈ ತೊಳೆದಳು. ಹೊಸ ಹತ್ತಿ ಹರಿದಳು, ಸ್ಪಿರಿಟ್ ಸುರಿದಳು, ಒರೆಸಿದಳು, ಆರಲೆಂದು ನಿಂತಳು. ಸಿರಿಂಜನ್ನು ನನ್ನ ಕೈಯಿಂದ ತೆಗೆದುಕೊಂಡು ಮುದುಕಿಗೆ ಇಂಜೆಕ್ಷನ್ ಕೊಟ್ಟಳು. ಬೆಂಚಿನ ಮೇಲಿದ್ದವರು ಅವಳ ಕೈಯನ್ನು ನೋಡುತ್ತಿರಲಿಲ್ಲ, ಎಲ್ಲರೂ ಡಾಕ್ಟರ ಮುಖವನ್ನೇ ನೋಡುತ್ತಿದ್ದರು.